ಬೋರ್ಡಿಲ್ಲದ ಸೈಕಲ್ ಶಾಪು: ಒಂದು ವರ್ಷದಲ್ಲಿ 11 ಸಲ ಹೋಗಿ ಬಂದವಳು ಬರೆದದ್ದು

ಶಿರಸಿಯಲ್ಲಿ ಸೈಕಲ್ ರಿಮ್ಮಿನ ಬೆಂಡ್ ಎಲ್ಲಿ ತೆಗೆಸೋದು ಅಂತ ಯಾರಾದರೂ ಕೇಳಿದರೆ ಈಗ ಕಣ್ಣು ಮುಚ್ಚಿ ಹೇಳುತ್ತೇನೆ. ಹೋದ ವರ್ಷ ಜೂನ್ ತನಕ ನನಗೆ ರಿಮ್ ಅಂದರೆ ಟೈರು ಕೂರುವ ಚಕ್ರದ ಬಳೆ ಅಂತಲೂ ಸರಿಯಾಗಿ ಗೊತ್ತಿರಲಿಲ್ಲ. ನಾನು ಸೊಸೈಟಿಯಲ್ಲಿ ಲೆಕ್ಕ ಬರೆಯುವವಳು. ಬರೆದಿಡುವ ಚಟ ಬಿಡೋದಿಲ್ಲ. ಆ ಅಂಗಡಿಗೆ ಇಲ್ಲಿಯವರೆಗೆ 11 ಸಲ ಹೋಗಿದ್ದೇನೆ, 4,870 ರೂಪಾಯಿ ಕೊಟ್ಟಿದ್ದೇನೆ. ಅಷ್ಟು ಕೊಟ್ಟ ಮೇಲೆ ನಾಲ್ಕು ಮಾತು ಬರೆಯುವ ಹಕ್ಕು ಇದೆ, ಅಲ್ವಾ?

ಅಂಗಡಿಗೆ ಬೋರ್ಡಿಲ್ಲ. ಮೊದಲು ಇತ್ತಂತೆ. ಮಳೆಗೆ ಬಣ್ಣ ಹೋಗಿ ಬರೀ ತಗಡು ಉಳಿಯಿತು. ಆ ತಗಡನ್ನೂ ಅಂಗಡಿಯ ಅಜ್ಜ ಇರಚಲು ಒಳಗೆ ಬಾರದ ಹಾಗೆ ಬಾಗಿಲ ಪಕ್ಕಕ್ಕೆ ಕಟ್ಟಿಬಿಟ್ಟಿದ್ದಾರೆ. ಮಾರಿಕಾಂಬಾ ದೇವಸ್ಥಾನದಿಂದ ನಡೆದೇ ಹೋಗಬಹುದು. ಹಳೇ ಟೈರುಗಳು ಮಾಲೆಯ ಹಾಗೆ ನೇತಾಡುತ್ತಿದ್ದರೆ, ಕೆಳಗೆ ಒಂದು ಬೆಕ್ಕು ಟ್ಯೂಬಿನ ರಾಶಿಯ ಮೇಲೆ ಮಲಗಿದ್ದರೆ, ಅದೇ ಅಂಗಡಿ. ಅಜ್ಜನಿಗೆ ಎಪ್ಪತ್ತು ದಾಟಿದೆ. ಎಲೆಯಡಿಕೆ ಕವಳ ಹಾಕಿಕೊಂಡಿದ್ದರೆ ಮಾತಾಡುವುದಿಲ್ಲ, ಉಗಿದು ಬಂದ ಮೇಲೆ ಬಿಡುವುದಿಲ್ಲ.

ನಾನು ಅಲ್ಲಿಗೆ ಹೋಗಿದ್ದು ಮಗನ ದೆಸೆಯಿಂದ. ಎಸ್ಸೆಲ್ಸಿ ರಿಸಲ್ಟ್ ಬಂದ ವಾರ ಊಟಕ್ಕೆ ಕೂತಾಗ ಹೇಳಿದ, "ಆಯಿ, ಆನು ಫ್ರೀರೈಡರ್ ಆಗ್ತಿ." ನಾನು ತಂಬುಳಿ ಬಡಿಸುತ್ತಾ, ಅದಕ್ಕೆ ಯಾವ ಕಾಲೇಜು ಅಂತ ಕೇಳಿದೆ. ಅವನ ಅಪ್ಪ ನಕ್ಕರು. ನಗುವ ವಿಷಯ ಅಲ್ಲ ಅಂತ ಇಬ್ಬರಿಗೂ ಗೊತ್ತಾಗಿದ್ದು ಆಮೇಲೆ.

ಅವನು ತೋರಿಸಿದ ವಿಡಿಯೋಗಳಿಂದ ನನಗೆ ತಿಳಿದದ್ದು ಇಷ್ಟು. ಫ್ರೀರೈಡ್ ಅಂದರೆ ರೇಸ್ ಅಲ್ಲ. ಯಾರು ಮೊದಲು ಬಂದರು ಅನ್ನೋದನ್ನು ಯಾರೂ ಕೇಳೋದಿಲ್ಲ. ಗುಡ್ಡದ ತಲೆಯಿಂದ ತಾನೇ ಆರಿಸಿಕೊಂಡ ದಾರಿಯಲ್ಲಿ ಸೈಕಲ್ ಇಳಿಸಬೇಕು. ನಡುವೆ ಧರೆ, ಅಂದರೆ ಕಡಿದಾದ ಮಣ್ಣಿನ ಅಂಚು, ಹಾರಬೇಕು, ಗಾಳಿಯಲ್ಲಿ ಮಗುಚಿ ಮತ್ತೆ ಚಕ್ರದ ಮೇಲೇ ಬೀಳಬೇಕು. ದಾರಿ ಎಷ್ಟು ಕಷ್ಟದ್ದು, ಎಷ್ಟು ಎತ್ತರ ಹಾರಿದ, ಎಷ್ಟು ಹಿಡಿತದಲ್ಲಿ ಇಳಿದ, ಏನು ಸ್ಟೈಲು, ಇದನ್ನೆಲ್ಲ ನೋಡಿ ಜಡ್ಜುಗಳು ಅಂಕ ಕೊಡುತ್ತಾರೆ. ಇದರ ದೊಡ್ಡ ಜಾತ್ರೆ ಅಮೆರಿಕದ ಯೂಟಾ ರಾಜ್ಯದ ವರ್ಜಿನ್ ಅನ್ನೋ ಊರಿನ ಹತ್ತಿರ, ಕೆಂಪು ಕಲ್ಲಿನ ಬೋಳು ಗುಡ್ಡದಲ್ಲಿ ನಡೆಯುತ್ತದೆ. ಹೆಸರು ರೆಡ್ ಬುಲ್ ರ‍್ಯಾಂಪೇಜ್. ಶುರುವಾಗಿದ್ದು 2001ರಲ್ಲಿ. ಕೆನಡಾದ ಬ್ರ್ಯಾಂಡನ್ ಸೆಮೆನಕ್ 2008ರಲ್ಲಿ ಅದನ್ನು ಗೆದ್ದಾಗ ಅವನಿಗೆ 17 ವರ್ಷ. ಈ 17 ಅನ್ನೋ ಅಂಕಿ ನಮ್ಮ ಮನೆಯಲ್ಲಿ ದಿನಕ್ಕೆ ಎರಡು ಸಲ ಕೇಳುತ್ತದೆ. ಮಗನಿಗೆ ಈಗ 16.

ಇನ್ನು ಸಂಕದ, ಅಂದರೆ ಹಳ್ಳ ದಾಟುವ ಮರದ ಕಾಲುಸೇತುವೆಯ ಕಥೆ. ಕೆನಡಾದಲ್ಲಿ ವ್ಯಾಂಕೂವರ್ ಪಕ್ಕದ ನಾರ್ತ್ ಶೋರ್ ಗುಡ್ಡಗಳಲ್ಲಿ ಈ ಆಟ ಬೆಳೆಯಿತಂತೆ. ರ‍್ಯಾಂಪೇಜನ್ನು ಮೊದಲ ಸಲ ಗೆದ್ದ ವೇಡ್ ಸಿಮನ್ಸ್ ಕೂಡ ಅದೇ ಗುಡ್ಡಗಳಲ್ಲಿ ಪಳಗಿದವನು. ಅಲ್ಲಿ ನಮ್ಮ ಹಾಗೇ ಮಳೆ, ಕೆಸರು, ಬೇರು, ಪಾಚಿ. ನೆಲ ಕೂತುಹೋಗುವ ಜಾಗದಲ್ಲಿ ಮರ ಸೀಳಿ ಏಣಿಯ ಹಾಗೆ ಅಡ್ಡಪಟ್ಟಿ ಹೊಡೆದು, ಅದರ ಮೇಲೆ ಸೈಕಲ್ ಓಡಿಸುತ್ತಾರೆ. ವಿಡಿಯೋ ನೋಡಿದರೆ ನಮ್ಮ ಸಂಕವೇ. ನಮ್ಮ ತೋಟದ ಕೆಳಗಿನ ಹಳ್ಳಕ್ಕೂ ಎರಡು ಅಡಿಕೆ ಮರ ಜೋಡಿಸಿದ ಸಂಕ ಇದೆ. ಮಗ ಇಲ್ಲಿಂದ ಅಲ್ಲಿಗೆ ನೇರ ಗೆರೆ ಎಳೆದುಕೊಂಡ. ಜೂನ್ ಎರಡನೇ ವಾರ, ಹಳ್ಳ ಮೈತುಂಬಿದ ಹೊತ್ತಿಗೆ, ಸೈಕಲ್ ತೆಗೆದುಕೊಂಡು ಸಂಕಕ್ಕೆ ಇಳಿದ. ಮಳೆಗಾಲದ ಅಡಿಕೆ ಮರದ ಮೇಲೆ ಬರಿಗಾಲಲ್ಲಿ ನಡೆಯುವಾಗಲೇ ನಮಗೆ ದೇವರ ನೆನಪಾಗುತ್ತದೆ. ಅರ್ಧ ದಾಟಿದ್ದನಂತೆ. ಮಾಣಿ ಹಳ್ಳಕ್ಕೆ, ಸೈಕಲ್ಲು ಕಲ್ಲಿಗೆ. ಅವನಿಗೆ ಮೊಣಕೈ ತರಚಿತ್ತು, ಕಾಲಿಗೆ ಮೂರು ಉಂಬಳ (ಜಿಗಣೆ) ಹತ್ತಿದ್ದವು, ಅಷ್ಟೇ. ಮುಂದಿನ ಚಕ್ರ ಮಾತ್ರ ಎಣ್ಣೆಗೆ ಬಿಟ್ಟ ಹಲಸಿನ ಹಪ್ಪಳದ ಹಾಗೆ ಮುರುಟಿಕೊಂಡಿತ್ತು.

ಆ ಚಕ್ರವನ್ನು ಸ್ಕೂಟಿಯಲ್ಲಿ ಕಾಲಿನ ನಡುವೆ ನಿಲ್ಲಿಸಿಕೊಂಡು 14 ಕಿ.ಮೀ. ಬಂದೆ. ಮೊದಲು ಹೋಗಿದ್ದು ಗಾಜಿನ ಬಾಗಿಲಿನ ಒಂದು ಅಂಗಡಿಗೆ. ಅವರು ನೋಡಿ, "ಇದು ಆಗೋದಿಲ್ಲ ಮೇಡಂ, ಹೊಸ ಸೆಟ್ಟೇ ಹಾಕಿಸಿ" ಅಂದರು. ಹೊರಗೆ ನಿಂತಿದ್ದ ಆಟೋದವನು ಅಜ್ಜನ ಅಂಗಡಿ ತೋರಿಸಿದ. ಅಜ್ಜ ನನ್ನನ್ನು ನೋಡಲಿಲ್ಲ. ಚಕ್ರ ನೋಡಿದರು, ಹಿಂದೆ ನಿಂತಿದ್ದ ಮಗನನ್ನು ನೋಡಿದರು. "ಎಲ್ಲಿ ಹಾರಿದ್ಯೋ ತಮಾ?"

ಅವರು ಕೆಲಸ ಮಾಡಿದ್ದನ್ನು ಸ್ವಲ್ಪ ನಿಧಾನವಾಗಿ ಹೇಳಬೇಕು. ಈ ರಿವ್ಯೂ ಬರೆಯೋಣ ಅನಿಸಿದ್ದೇ ಅದನ್ನು ನೋಡಿದ ಮೇಲೆ.

ಟೈರು, ಟ್ಯೂಬು, ಒಳಗಿನ ರಬ್ಬರ್ ಪಟ್ಟಿ ಎಲ್ಲ ಬಿಚ್ಚಿದರು. ಬರೀ ಚಕ್ರವನ್ನು ನೆಲಕ್ಕಿಟ್ಟು, ಎರಡು ಕಾಲಲ್ಲಿ ಮೆಟ್ಟಿ, ಕೈಯಲ್ಲಿ ಮೇಲಕ್ಕೆ ಜಗ್ಗಿದರು. ನನಗೆ ಮುರಿದೇ ಹೋಯಿತು ಅನಿಸಿತು. ಮುರಿಯಲಿಲ್ಲ, ಹಪ್ಪಳ ಅರ್ಧ ನೆಟ್ಟಗಾಯಿತು. ಮೇಜಿನ ಅಂಚಿಗೆ ಹಳೇ ಸೈಕಲ್ಲಿನ ಫೋರ್ಕ್ (ಮುಂದಿನ ಚಕ್ರ ಹಿಡಿಯುವ ಕವಲು) ಒಂದನ್ನು ತಲೆಕೆಳಗಾಗಿ ಬೋಲ್ಟ್ ಹಾಕಿ ಕೂರಿಸಿದ್ದಾರೆ. ಚಕ್ರವನ್ನು ಅದಕ್ಕೆ ಸಿಕ್ಕಿಸಿ ತಿರುಗಿಸಿದರು. ಅತ್ತ ಇತ್ತ ಓಲಾಡುತ್ತಾ ತಿರುಗಿತು. ಆಮೇಲೆ ಒಂದು ಸೀಮೆಸುಣ್ಣದ ತುಂಡನ್ನು ಫೋರ್ಕಿಗೆ ಆನಿಸಿ ಹಿಡಿದು ಮೆಲ್ಲಗೆ ರಿಮ್ಮಿನ ಹತ್ತಿರ ತಂದರು. ಉಬ್ಬಿದ ಕಡೆ ಮಾತ್ರ ಸುಣ್ಣ ತಾಗಿ ಬಿಳಿ ಗೆರೆ ಬಿತ್ತು. ಗೆರೆ ಬಲಗಡೆ ಬಿದ್ದರೆ ಆ ಜಾಗದಲ್ಲಿ ಎಡಗಡೆಯಿಂದ ಬರುವ ಕಡ್ಡಿ ಬಿಗಿ ಮಾಡಬೇಕು, ಬಲಗಡೆಯಿಂದ ಬರುವುದನ್ನು ಸಡಿಲ ಬಿಡಬೇಕು. ಅದೂ ಒಂದೇ ಸಲಕ್ಕೆ ಕಾಲು ಸುತ್ತು. ಮಗ ಅವಸರಕ್ಕೆ "ಇನ್ನೂ ಸ್ವಲ್ಪ ತಿರುಗಿಸಿ" ಅಂದ. ಅಜ್ಜ ಕಡ್ಡಿ ತಿರುಗಿಸುವ ಕೀಯನ್ನು ಅವನ ಕೈಗೇ ಕೊಟ್ಟರು. ಅವನು ಪೂರ್ತಿ ಒಂದು ಸುತ್ತು ತಿರುಗಿಸಿದ. ಬೆಂಡ್ ಆ ಕಡೆಯಿಂದ ಈ ಕಡೆಗೆ ಬಂತು. ಅಜ್ಜ ಏನೂ ಅನ್ನದೆ ಕೀ ವಾಪಸ್ ಇಸಿದುಕೊಂಡರು.

ಮಧ್ಯೆ ಮಧ್ಯೆ ಕಡ್ಡಿಗಳನ್ನು ಬೆರಳಲ್ಲಿ ಮೀಟುತ್ತಾರೆ. ಬಿಗಿ ಇದ್ದದ್ದು ಟಣ್ ಅನ್ನುತ್ತದೆ, ಸಡಿಲ ಇದ್ದದ್ದು ಟಪ್ ಅನ್ನುತ್ತದೆ. ಯಕ್ಷಗಾನ ಶುರುವಾಗುವ ಮೊದಲು ಮದ್ದಳೆಯವರು ಕಿವಿ ಹತ್ತಿರ ತಂದು ಶ್ರುತಿ ನೋಡುತ್ತಾರಲ್ಲ, ಹಾಗೆ. ಒಟ್ಟು 36 ಕಡ್ಡಿ, ಒಂದೊಂದು ಕಡೆ 18. ಎಲ್ಲ ಸುಮಾರು ಒಂದೇ ಸ್ವರಕ್ಕೆ ಬರುವಾಗ 55 ನಿಮಿಷ ಆಗಿತ್ತು. ಕೊನೆಗೆ ಚಕ್ರ ತಿರುಗಿಸಿ ಸುಣ್ಣ ಹಿಡಿದರೆ ಸುತ್ತಲೂ ಒಂದೇ ಸಮ ತೆಳು ಗೆರೆ. ಎಷ್ಟು ಅಂದೆ. 120 ರೂಪಾಯಿ. ನಾನು 150 ಕೊಟ್ಟೆ. 30 ವಾಪಸ್ ಕೊಟ್ಟು, "ಇದು ಆಷಾಢ ದಾಟೂದಿಲ್ಲ ತಂಗಿ, ರಿಮ್ಮು ತೆಳೂದು" ಅಂದರು.

ದಾಟಲಿಲ್ಲ. ಮೂರನೇ ಸಲ ಹೋದಾಗ ಅಜ್ಜ ಪಾಠ ಮಾಡಿದರು. ಸೈಕಲ್ಲನ್ನು ನಾವು ಆನ್‌ಲೈನಲ್ಲಿ ತರಿಸಿದ್ದು, 13,999 ರೂಪಾಯಿ. ಫೋಟೋದಲ್ಲಿ ಹಿಂದೆ ಮುಂದೆ ಎರಡೂ ಕಡೆ ಸ್ಪ್ರಿಂಗು, ದಪ್ಪ ಟೈರು, ಮೈತುಂಬಾ ಸ್ಟಿಕ್ಕರು. "ಸ್ಪ್ರಿಂಗ್ ನೋಡಿ ತಗಂಡ್ರಿ, ರಿಮ್ ನೋಡ್ಲಿಲ್ಲ" ಅಂದರು. ಕತ್ತರಿಸಿದ ಎರಡು ರಿಮ್ಮಿನ ತುಂಡು ಅವರ ಹತ್ತಿರ ಇವೆ, ಗಿರಾಕಿಗೆ ತೋರಿಸಲಿಕ್ಕೇ ಇಟ್ಟುಕೊಂಡದ್ದು. ಒಂದು ಬರೀ ಒಂದು ಪದರ, ಮಡಚಿದ ತಗಡಿನ ಹಾಗೆ. ಇನ್ನೊಂದಕ್ಕೆ ಎರಡು ಗೋಡೆ, ನಡುವೆ ಟೊಳ್ಳು, ಬಿದಿರಿನ ಹಾಗೆ. ಅದಕ್ಕೆ ಡಬಲ್ ವಾಲ್ ಅನ್ನುತ್ತಾರೆ. ಹಾರಿ ಬಿದ್ದರೆ ತಡೆಯುವುದು ಅದೇ. ಅಗ್ಗದ ಸೈಕಲ್ಲಿನ ಹಿಂದಿನ ಸ್ಪ್ರಿಂಗು ತೂಕ ಜಾಸ್ತಿ ಮಾಡುತ್ತದೆ, ಪೆಡಲ್ ತುಳಿದ ಶಕ್ತಿಯನ್ನೂ ತಿನ್ನುತ್ತದೆ. ಅಷ್ಟೇ ದುಡ್ಡಿಗೆ ಹಿಂದೆ ಸ್ಪ್ರಿಂಗ್ ಇಲ್ಲದ ಗಟ್ಟಿ ಸೈಕಲ್ ಬರುತ್ತಿತ್ತಂತೆ. ಸೈಕಲ್ ಕೊಳ್ಳುವವರು ಯಾರಾದರೂ ಇದನ್ನು ಓದುತ್ತಿದ್ದರೆ ಈ ಒಂದು ವಿಷಯ ನೆನಪಿಟ್ಟುಕೊಳ್ಳಿ. ನಮಗೆ ಅದು 13,999ರ ಪಾಠ.

ಹುಬ್ಬಳ್ಳಿಯಿಂದ ಡಬಲ್ ವಾಲ್ ರಿಮ್ ತರಿಸಿ, ಹಳೇ ಹಬ್ಬಿಗೇ (ಚಕ್ರದ ನಡುವಿನ ಗುಂಬಕ್ಕೇ) ಹೊಸ ಕಡ್ಡಿ ಕಟ್ಟಿದರು. ಹಬ್ಬಿನ ತೂತಿನ ಲೆಕ್ಕಕ್ಕೇ ರಿಮ್ ಸಿಗಬೇಕು, 36ಕ್ಕೆ 36. ಅದಕ್ಕಾಗಿ ಹತ್ತು ದಿನ ಕಾದೆವು. ಪ್ರತಿ ಕಡ್ಡಿಯೂ ಹಬ್ಬಿನಿಂದ ರಿಮ್ಮಿಗೆ ಹೋಗುವಾಗ ಬೇರೆ ಮೂರು ಕಡ್ಡಿಗಳನ್ನು ದಾಟಬೇಕು. ಎರಡು ದಾಟುವಾಗ ಮೇಲೆ, ಕೊನೆಯದ್ದಕ್ಕೆ ಅಡಿಯಿಂದ. ನಾನು ಮದುವೆ ಮನೆಯಲ್ಲಿ ಮಲ್ಲಿಗೆ ಕಟ್ಟುವವಳು, ನನಗೆ ಕೂಡಲೇ ಅರ್ಥವಾಯಿತು. ಮಗನಿಗೆ ಮೂರು ಸಲ ಬಿಚ್ಚಿ ಕಟ್ಟಿದ ಮೇಲೆ ಅರ್ಥವಾಯಿತು. ಎಲ್ಲ ಸೇರಿ 1,650 ರೂಪಾಯಿ. ಆ ಚಕ್ರ ಇವತ್ತಿಗೂ ನೆಟ್ಟಗಿದೆ.

ಮಗ ಕಟ್ಟಿದ್ದು ಹೇಗೆ ಅಂದಿರಾ? ಅದು ಇನ್ನೊಂದು ಕಥೆ. ಅವನು ಫ್ರೀರೈಡರ್ ಆಗುತ್ತೇನೆ ಅಂದ ಮೇಲೆ, ಬೈದರೆ ಕೇಳುವ ಜಾತಿ ಅಲ್ಲ ಅಂತ ಗೊತ್ತಿತ್ತು. ಸೊಸೈಟಿಗೆ ಸಾಲದ ಅರ್ಜಿ ಬಂದರೆ ನಾವು ಏನು ನೋಡುತ್ತೇವೋ ಅದನ್ನೇ ನೋಡಿದೆ. ಆದಾಯ ಎಲ್ಲಿಂದ? ಸಂಬಳ ಅನ್ನೋದು ಇಲ್ಲ. ಸೈಕಲ್ ಕಂಪನಿ, ಬಟ್ಟೆ ಕಂಪನಿ, ಡ್ರಿಂಕ್ಸ್ ಕಂಪನಿಗಳ ಜೊತೆ ಒಪ್ಪಂದ. ಒಪ್ಪಂದ ಮುಗಿದರೆ ಮುಗಿಯಿತು. ಸ್ಪರ್ಧೆಯಲ್ಲಿ ಗೆದ್ದರೆ ಬಹುಮಾನ. ಅದಕ್ಕಿಂತ ಜಾಸ್ತಿ ವಿಡಿಯೋ. ವರ್ಷವಿಡೀ ಬಿದ್ದು ಎದ್ದು ತೆಗೆದ ಕೆಲವೇ ನಿಮಿಷದ ವಿಡಿಯೋ ನೋಡಿ ಕಂಪನಿಗಳು ಬರಬೇಕು. ಸೆಮೆನಕ್‌ನಂಥವನು 2024ರಲ್ಲಿ ಐದನೇ ಸಲ ರ‍್ಯಾಂಪೇಜ್ ಗೆದ್ದ, ಜೊತೆಗೆ ಕಾರ್ ರ‍್ಯಾಲಿಯನ್ನೂ ಓಡಿಸುತ್ತಾನೆ. ಅಂಥವರು ಎಷ್ಟು ಜನ?

ಜಾಮೀನು ಏನು? ಮೈಯೇ ಜಾಮೀನು. 2013ರಲ್ಲಿ ನ್ಯೂಜಿಲೆಂಡಿನ ಕೆಲ್ಲಿ ಮೆಕ್‌ಗ್ಯಾರಿ ಅನ್ನೋನು 72 ಅಡಿ ಅಗಲದ ಕಮರಿಯನ್ನು ಗಾಳಿಯಲ್ಲಿ ಹಿಮ್ಮುಖ ಮಗುಚುತ್ತಾ ದಾಟಿದ. ನಮ್ಮ ತೋಟದ ಹಳೇ ಅಡಿಕೆ ಮರ ಕಡಿದು ಅಡ್ಡ ಮಲಗಿಸಿದರೂ ಆ ಕಮರಿಗೆ ಸಾಲೋದಿಲ್ಲ. ಅಷ್ಟು ಮಾಡಿಯೂ ಅವನಿಗೆ ಸಿಕ್ಕಿದ್ದು ಎರಡನೇ ಸ್ಥಾನ. ಎರಡು ವರ್ಷದ ನಂತರ ಅದೇ ಸ್ಪರ್ಧೆಯಲ್ಲಿ ಪಾಲ್ ಬಾಸಗೋಯಿಟಿಯಾ ಬಿದ್ದು ಬೆನ್ನುಹುರಿಗೆ ಪೆಟ್ಟಾಗಿ ಕಾಲಿನ ಸ್ವಾಧೀನ ಹೋಯಿತು. ಆ ವಿಡಿಯೋವನ್ನು ಮಗ ನನಗೆ ತೋರಿಸಿರಲಿಲ್ಲ. ನಾನೇ ಹುಡುಕಿ ನೋಡಿದೆ. ನೋಡಬಾರದಿತ್ತು. ಆ ರಾತ್ರಿ ಮೇಲಿನ ಕೋಣೆಗೆ ಹೋಗಿ, ಮಲಗಿದ್ದ ಮಗನ ಕಾಲು ಮುಟ್ಟಿ ಬಂದೆ. ಮರುದಿನವೇ ಗಲ್ಲದ ತನಕ ಮುಚ್ಚುವ ಹೆಲ್ಮೆಟ್ಟು, ಮೊಣಕಾಲಿನ ಪ್ಯಾಡು ಆರ್ಡರ್ ಮಾಡಿದೆ. ಸ್ಕೂಟಿ ಹೆಲ್ಮೆಟ್ಟೇ ಸಾಕು ಅಂದರು ಇವರು. ಸಾಕಾಗೋದಿಲ್ಲ. ಅದರ ತೂಕಕ್ಕೆ ಹುಡುಗನ ಕುತ್ತಿಗೆ ನೋಯುತ್ತದೆ, ಬೆವರಿಗೆ ಗಾಳಿಯಾಡೋದಿಲ್ಲ, ಎರಡು ದಿನಕ್ಕೆ ಬಿಚ್ಚಿ ಮೂಲೆಗೆ ಎಸೆಯುತ್ತಾನೆ.

ಹುಡುಕುತ್ತಾ ಹೋದಾಗ ಒಂದು ಒಳ್ಳೇದೂ ಸಿಕ್ಕಿತು. ಡ್ಯಾನಿ ಮೆಕ್‌ಆಸ್ಕಿಲ್ ಅಂತ ಸ್ಕಾಟ್ಲೆಂಡಿನ ಸ್ಕೈ ದ್ವೀಪದವನು. ಇವನ ಆಟ ಟ್ರಯಲ್ಸ್, ಅಂದರೆ ಕಾಲು ನೆಲಕ್ಕಿಡದೆ ಅಡೆತಡೆಗಳ ಮೇಲೆ ಸೈಕಲ್ ದಾಟಿಸೋದು, ಫ್ರೀರೈಡಿನ ದಾಯಾದಿ. 2009ರ ಏಪ್ರಿಲ್‌ನಲ್ಲಿ ಅವನ ಐದೂವರೆ ನಿಮಿಷದ ವಿಡಿಯೋ ಬಂದು ಜಗತ್ತೇ ನೋಡಿತು. ಆ ಹೊತ್ತಿಗೆ ಅವನು ಎಡಿನ್‌ಬರೋದ ಒಂದು ಸೈಕಲ್ ಅಂಗಡಿಯಲ್ಲಿ ಮೆಕ್ಯಾನಿಕ್. ಇದನ್ನು ಓದಿ ನಾನು ಮಗನಿಗೆ ಷರತ್ತು ಹಾಕಿದೆ. ಫ್ರೀರೈಡರ್ ಆಗು, ಬೇಡ ಅನ್ನೋದಿಲ್ಲ. ಶನಿವಾರ ಮಧ್ಯಾಹ್ನ ಅಜ್ಜನ ಅಂಗಡಿಯಲ್ಲಿ ಕೂತು ಕೆಲಸ ಕಲಿಯಬೇಕು. ನಿನ್ನ ಚಕ್ರದ ಬೆಂಡ್ ನೀನೇ ತೆಗೆಯಬೇಕು.

ಅಜ್ಜನನ್ನು ಕೇಳಿದೆ. ಕವಳ ಬಾಯಲ್ಲಿತ್ತು. ಕೈಯಲ್ಲೇ ಸ್ಟೂಲ್ ತೋರಿಸಿದರು.

ಮೊದಲ ನಾಲ್ಕು ಶನಿವಾರ ಬರೀ ಪಂಕ್ಚರ್. ಟ್ಯೂಬನ್ನು ನೀರಿನ ಬಾನಿಯಲ್ಲಿ ಮುಳುಗಿಸಿ ಗುಳ್ಳೆ ಹುಡುಕೋದು, ಒರೆಸೋದು, ಉಜ್ಜೋದು, ಸೊಲ್ಯೂಷನ್ ಹಚ್ಚಿ ಒಣಗಲು ಬಿಡೋದು. ಒಣಗುವ ಮೊದಲೇ ಪ್ಯಾಚ್ ಒತ್ತಿದರೆ ಅಜ್ಜ ಕಿತ್ತು ಬಿಸಾಡುತ್ತಾರೆ. ಆಮೇಲೆ ಓವರಾಯ್ಲಿಂಗ್, ಅಂದರೆ ಎಲ್ಲ ಬಿಚ್ಚಿ ಶುಚಿ ಮಾಡಿ ಮತ್ತೆ ಜೋಡಿಸೋದು. ಆಗಸ್ಟಿನಲ್ಲಿ ನಮ್ಮದೇ ಸೈಕಲ್ಲಿನ ಹಿಂದಿನ ಹಬ್ ಬಿಚ್ಚಿದರೆ ಗ್ರೀಸ್ ಇರಬೇಕಾದ ಜಾಗದಲ್ಲಿ ಕಾಫಿ ಕಷಾಯದಂಥ ನೀರು. ಒಳಗಿನ ಬೇರಿಂಗ್ ಗುಂಡುಗಳಿಗೆ ತುಕ್ಕು. ಮಳೆಗಾಲದಲ್ಲಿ ಹಳ್ಳದಲ್ಲಿ ಮುಳುಗಿಸಿ ತೆಗೆದರೆ ಇನ್ನೇನು ಆಗುತ್ತದೆ? ಆ ತುಕ್ಕು ಹಿಡಿದ ಗುಂಡುಗಳನ್ನು ಎಸೆಯದೆ ಮಗನ ಅಂಗೈಗೆ ಹಾಕಿ, ಬೆರಳಲ್ಲಿ ಉರುಳಿಸಿ ನೋಡು ಅಂದರು. ಹೊಸ ಗುಂಡನ್ನೂ ಹಾಕಿ, ಇದನ್ನು ಉರುಳಿಸು ಅಂದರು. ಇಷ್ಟೇ ವಿವರಣೆ.

ಮಗನೂ ಸುಮ್ನೆ ಕೂರುವವನಲ್ಲ. ಮೊಬೈಲಿನಲ್ಲಿ ರ‍್ಯಾಂಪೇಜ್ ತೋರಿಸಿದ್ದಾನೆ. ಅಜ್ಜ ಹಾರಾಟವನ್ನು ಕನ್ನಡಕ ಏರಿಸಿಕೊಂಡು ನೋಡಿ, "ಮಂಗ" ಅಂದರಂತೆ. ಅವರಿಗೆ ರುಚಿಸಿದ್ದು ಅದರ ಹಿಂದಿನ ಕೆಲಸ. ಅಲ್ಲಿ ಸ್ಪರ್ಧೆಗೆ ಮೊದಲು ಪ್ರತಿಯೊಬ್ಬ ಸವಾರನೂ ತನ್ನ ಇಬ್ಬರು ಸಹಾಯಕರ ಜೊತೆ ಗುಡ್ಡ ಅಗೆದು ತನ್ನ ದಾರಿ ತಾನೇ ಮಾಡಿಕೊಳ್ಳಬೇಕು. ಯಂತ್ರ ತರುವ ಹಾಗಿಲ್ಲ. ಗುದ್ದಲಿ, ಸಲಿಕೆ, ಮರಳಿನ ಚೀಲ, ನೀರು. ದಿನಗಟ್ಟಲೆ ಅಗೆತ, ಆಮೇಲೆ ಎರಡು ಮೂರು ನಿಮಿಷದ ಇಳಿತ. ಅಜ್ಜ ಕೇಳಿದರಂತೆ, "ಅಗೆಯೂಕೆ ಬತ್ತದ ನಿಂಗೆ?" ಮಗ ಮನೆಗೆ ಬಂದು ಮೊದಲ ಸಲ ತಾನಾಗಿ ಗುದ್ದಲಿ ಕೇಳಿದ. ಸೊಪ್ಪಿನ ಬೆಟ್ಟದ ಮೇಲೆ ದರಕು (ಒಣ ಎಲೆ) ಗುಡಿಸಿ ಒಂದು ದಿಬ್ಬ ಕಟ್ಟಿದ್ದಾನೆ. ಅವನ ಅಪ್ಪ ಐದು ವರ್ಷದಿಂದ ತೋಟದ ಅಗಳ ಸರಿ ಮಾಡು ಅಂತ ಹೇಳುತ್ತಿದ್ದರು, ಅದಕ್ಕೆ ಮಾತ್ರ ಇನ್ನೂ ಗುದ್ದಲಿ ತಾಗಿಲ್ಲ.

2024ರಲ್ಲಿ ಮೊದಲ ಸಲ ಹೆಂಗಸರಿಗೂ ರ‍್ಯಾಂಪೇಜ್ ಇಟ್ಟರು, ನ್ಯೂಜಿಲೆಂಡಿನ ರಾಬಿನ್ ಗೂಮ್ಸ್ ಗೆದ್ದಳು. ಇದನ್ನು ಅಜ್ಜನಿಗೆ ಹೇಳಿದ್ದು ನಾನು. ಅವತ್ತಿನಿಂದ ನಾನು ಸ್ಕೂಟಿ ಸ್ಟ್ಯಾಂಡ್ ಹಾಕುವಾಗೆಲ್ಲ, "ತಂಗಿ, ನೀವು ಯಾವಾಗ ಹಾರ್ತ್ರಿ?" ಅಂತ ಕೇಳುತ್ತಾರೆ.

ಈಗ ದೂರುಗಳು. ರಿವ್ಯೂ ಅಂದ ಮೇಲೆ ಬರೀ ಹೊಗಳಿದರೆ ನಂಬೋದಿಲ್ಲ. ಮೊದಲನೆಯದು, ಅಜ್ಜನ "ನಾಳೆ". ಅವರ ನಾಳೆ ಅಂದರೆ ನಾಡಿದ್ದು, ನಾಡಿದ್ದು ಅಂದರೆ ಮುಂದಿನ ವಾರ. ಊರಲ್ಲಿ ಯಕ್ಷಗಾನ ಇದ್ದರೆ ಮರುದಿನ ಅಂಗಡಿ ತೆಗೆಯೋದು ಹನ್ನೊಂದಕ್ಕೆ. ಮಧ್ಯಾಹ್ನ ಒಂದರಿಂದ ಮೂರೂವರೆ ಬಾಗಿಲು ಹಾಕುತ್ತಾರೆ. ಫೋನ್ ಇದೆ, ಎತ್ತುವುದಿಲ್ಲ. 14 ಕಿ.ಮೀ. ಬಂದು ಬೆಕ್ಕಿನ ಮುಖ ನೋಡಿ ವಾಪಸ್ ಹೋದದ್ದು ಎರಡು ಸಲ. ಆ ಎರಡು ಸಲವನ್ನು ಮೇಲಿನ 11ರಲ್ಲಿ ಸೇರಿಸಿಲ್ಲ.

ಎಣ್ಣೆಯಲ್ಲಿ ನಡೆಯುವ ಡಿಸ್ಕ್ ಬ್ರೇಕು, ಮುಂದಿನ ಫೋರ್ಕಿನ ಸೀಲು, ಇಂಥವನ್ನು ಅವರು ಮುಟ್ಟುವುದಿಲ್ಲ. "ಅದು ನಂಗೆ ಬತ್ತಿಲ್ಲ" ಅಂತ ನೇರವಾಗಿ ಹೇಳುತ್ತಾರೆ. ನಮ್ಮದು ತಂತಿಯಲ್ಲಿ ನಡೆಯುವ ಡಿಸ್ಕ್, ಅದನ್ನು ಚೆನ್ನಾಗಿಯೇ ಮಾಡುತ್ತಾರೆ. ದುಬಾರಿ ಸೈಕಲ್ ಇದ್ದವರು ಹುಬ್ಬಳ್ಳಿಗೇ ಹೋಗಬೇಕು, ನೂರು ಕಿ.ಮೀ. ಒಂದು ಸಲ ನಾವೂ ಫೋರ್ಕ್ ಸರ್ವಿಸಿಗೆ ಅಲ್ಲಿನ ಒಂದು ಅಂಗಡಿಗೆ ಕೊಟ್ಟೆವು. 900 ರೂಪಾಯಿ ಬಿಲ್, ಪ್ಲಾಸ್ಟಿಕ್ ಕವರಿನಲ್ಲಿ ಸುತ್ತಿ ಕೊಟ್ಟರು. ಮನೆಗೆ ಬಂದು ನೋಡಿದರೆ ಒಳಗೆ ಹಳೇ ಕೆಸರು ಹಾಗೇ ಇತ್ತು. ಬಿಲ್ ಕೊಡದ ಅಜ್ಜ ಬಿಚ್ಚಿದ ಹಳೇ ಸಾಮಾನನ್ನು ಪೇಪರಿನಲ್ಲಿ ಕಟ್ಟಿ ಕೈಗೆ ಕೊಡುತ್ತಾರೆ, ಏನು ಬದಲಾಯಿಸಿದ್ದು ಅಂತ ಗಿರಾಕಿಗೆ ಗೊತ್ತಾಗಲಿ ಅಂತ. ಲೆಕ್ಕ ಬರೆಯುವವಳಿಗೆ ಬಿಲ್ ಇಲ್ಲದ್ದು ಕಿರಿಕಿರಿ. ಆದರೂ ಹೇಳುತ್ತೇನೆ, ಆ ಪೇಪರ್ ಪೊಟ್ಟಣವೇ ಒಳ್ಳೇ ಬಿಲ್ಲು. ಮೊಮ್ಮಗ ಅಂಟಿಸಿ ಹೋದ ಕ್ಯೂಆರ್ ಕೋಡ್ ಇದೆ, ಅರ್ಧ ಗ್ರೀಸ್ ಮೆತ್ತಿದೆ. ಚಿಲ್ಲರೆ ಇಟ್ಟುಕೊಂಡು ಹೋಗಿ.

ಐದಕ್ಕೆ ನಾಲ್ಕು ಕೊಡುತ್ತೇನೆ. ಕಡಿಮೆ ಮಾಡಿದ ಒಂದು ಪೂರ್ತಿ "ನಾಳೆ"ಯ ಲೆಕ್ಕಕ್ಕೆ.

ಹೋದ ತಿಂಗಳು ಮಗ ಸಂಕದ ವಿಷಯ ಮತ್ತೆ ತೆಗೆದ. ನಾರ್ತ್ ಶೋರಿನವರು ಜಾರದ ಹಾಗೆ ಮರದ ಮೇಲೆ ಕೋಳಿ ಗೂಡಿನ ಜಾಲರಿ ಹೊಡೆಯುತ್ತಾರಂತೆ, ಒಂದು ಸುರುಳಿ ತರಲಾ ಅಂತ ಅಜ್ಜನನ್ನು ಕೇಳಿದ. ಅಜ್ಜ ಮಾಲೆಯಿಂದ ನಾಲ್ಕು ಹಳೇ ಟೈರ್ ಇಳಿಸಿದರು. ಅಂಚಿನ ತಂತಿ ಕತ್ತರಿಸಿ ತೆಗೆದು, ಟೈರನ್ನು ಗೇಣುದ್ದದ ತುಂಡು ಮಾಡಿ, ಹಲ್ಲು ಮೇಲೆ ಬರುವ ಹಾಗೆ ಹೊಡಿ ಅಂದರು. ದುಡ್ಡು ತೆಗೆದುಕೊಳ್ಳಲಿಲ್ಲ. ಮಗ, ಅವನ ಅಪ್ಪ ಇಬ್ಬರೂ ಭಾನುವಾರ ಕೂತು ಅಡಿಕೆ ದಬ್ಬೆ ಅಡ್ಡ ಹಾಸಿ, ಮೇಲೆ ಟೈರ್ ತುಂಡು ಹೊಡೆದರು. ಸೈಕಲ್ಲಿನಲ್ಲಿ ದಾಟುತ್ತಾನೋ ಇಲ್ಲವೋ, ಈ ಮಳೆಗಾಲಕ್ಕೆ ಗೊತ್ತಾಗುತ್ತದೆ. ಕೊನೆ ಕೊಯ್ಯಲು ಬಂದವರು ತಲೆ ಮೇಲೆ ಅಡಿಕೆ ಕೊನೆ ಹೊತ್ತು ಅದೇ ಸಂಕದಲ್ಲಿ ದಾಟಿದರು. ಈ ಕೆಲಸ ಯಾರದ್ದು ಅಂತ ಕೇಳಿದರು. ಅಂಗಡಿಗೆ ಬೋರ್ಡಿಲ್ಲ ಅಂತ ಹೇಳಿ ದಾರಿ ತೋರಿಸಿದೆ.